ಸ್ಲೈಡಿನಲ್ಲಿ ನಮ್ಮ ಜಿಲ್ಲೆ

ಬೆಂಗಳೂರಿನ ನಮ್ಮ ಕಂಪನಿಯಲ್ಲಿ ಯಾದಗಿರಿಯ ಹೆಸರು ಕೇಳಿಬರುತ್ತಿದ್ದುದು ವರ್ಷಕ್ಕೊಮ್ಮೆ. ಸಹಾಯಾರ್ಥ ಕ್ರೀಡಾಕೂಟಕ್ಕೆ ಒಂದು ವಾರ ಇದೆ ಎನ್ನುವಾಗ ನೌಕರರನ್ನೆಲ್ಲ ದೊಡ್ಡ ಹಾಲಿನಲ್ಲಿ ಕೂಡಿಸಿ, ಈ ಸಲದ ಹಣ ಎಲ್ಲಿಗೆ ಹೋಗುತ್ತದೆ ಎಂದು ವಿವರಿಸುತ್ತಿದ್ದರು. ಪರದೆಯ ಮೇಲೆ ಕರ್ನಾಟಕದ ನಕಾಶೆ. ಕರಾವಳಿ ಹಸಿರು, ಬೆಂಗಳೂರು ಇನ್ನೂ ಕಡು ಹಸಿರು, ಮೇಲೆ ಬಲಗಡೆ ಮೂಲೆಯಲ್ಲಿ ಕೆಂಪು ತುಣುಕೊಂದು. ‘ಯಾದ್‌ಗೀರ್’ ಎನ್ನುತ್ತಿದ್ದಳು ವಿವರಿಸುವ ಹುಡುಗಿ, ಯಾವುದೋ ಗಿರಿಧಾಮದ ಹೆಸರು ಹೇಳುವ ಧಾಟಿಯಲ್ಲಿ. 2011ರ ಜನಗಣತಿಯಲ್ಲಿ ಸಾಕ್ಷರತೆ ನೂರಕ್ಕೆ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಹಿಂದಿನ ಸಾಲಿನಲ್ಲಿ ಕೂತು ನಾನು ಆ ಕೆಂಪಿನೊಳಗೆ ಶಹಾಪುರ ಎಲ್ಲಿರಬಹುದು, ಶಿರವಾಳ ಎಲ್ಲಿರಬಹುದು ಎಂದು ಅಂದಾಜು ಮಾಡುತ್ತಿದ್ದೆ. ಪಕ್ಕದ ಗೆಳೆಯ ಮೊಣಕೈಯಿಂದ ತಿವಿದು, ‘ಇದು ನಿಮ್ಮದೇ ಅಲ್ವಾ?’ ಎನ್ನುವನು. ಹೌದಪ್ಪ, ನಮ್ಮದೇ.

2009ರ ಡಿಸೆಂಬರ್ 30ರ ತನಕ ನಾವು ಗುಲಬರ್ಗಾ ಜಿಲ್ಲೆಯವರು. ಆಮೇಲೆ ಯಾದಗಿರಿ ಜಿಲ್ಲೆಯವರಾದೆವು. 2018ರಲ್ಲಿ ನೀತಿ ಆಯೋಗದವರು ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆ ಪಟ್ಟಿಗೆ ಸೇರಿದವು. ಸ್ಲೈಡಿಗೆ ಇನ್ನೊಂದು ಸಾಲು ಸಿಕ್ಕಿತು. ನಮ್ಮೂರ ವಿಷಯದಲ್ಲಿ ಆ ಸ್ಲೈಡಿಗೆ ಗೊತ್ತಿಲ್ಲದ್ದೂ ಇತ್ತು. ಶಿರವಾಳದಲ್ಲಿ ರಾಷ್ಟ್ರಕೂಟರ ಕಾಲದಿಂದ ಚಾಲುಕ್ಯರ ಕಾಲದವರೆಗಿನ ಕಲ್ಲಿನ ಗುಡಿಗಳು ಊರ ಒಳಗೂ ಹೊರಗೂ ಹರಡಿಕೊಂಡಿವೆ. ಕೆಲವು ಗಟ್ಟಿಯಾಗಿ ನಿಂತಿವೆ, ಕೆಲವು ಬಿದ್ದಿವೆ, ಕೆಲವಕ್ಕೆ ಒತ್ತಿಕೊಂಡೇ ಮನೆಗಳೆದ್ದಿವೆ. ನಾವು ಹುಡುಗರಿದ್ದಾಗ ಆ ಗುಡಿಗಳೇ ನಮ್ಮ ಆಟದ ಬಯಲು. ಕಂಬದ ಸಾಲು ಕಣ್ಣಾಮುಚ್ಚಾಲೆಗೆ, ಜಗಲಿಯ ಕಲ್ಲು ಚೌಕಾಬಾರಕ್ಕೆ.

ಆಟವೆಂದರೆ ದುಡ್ಡು ಎತ್ತುವ ದಾರಿಯೂ ಹೌದೆಂದು ಬೆಂಗಳೂರಿನವರು ಹೇಳಿಕೊಟ್ಟಾಗ ನನಗೆ ಅದು ಹೊಸದೆನಿಸಲಿಲ್ಲ. ನಮ್ಮ ಕಡೆ ಜಾತ್ರೆಗೆ ಮುಂಚೆ ಹಿರಿಯರು ಪಟ್ಟಿ ಹಾಕುತ್ತಾರೆ. ಮನೆಗಿಷ್ಟು, ಎತ್ತು ಇದ್ದವರಿಗಿಷ್ಟು, ಕಾಲುವೆ ನೀರಾವರಿ ಇದ್ದವರಿಗೆ ಸ್ವಲ್ಪ ಜಾಸ್ತಿ. ರೊಕ್ಕ ಇಲ್ಲದವರು ಜೋಳ ಅಳೆದು ಹಾಕುತ್ತಾರೆ, ಅದೂ ಆಗದವರು ಚಪ್ಪರಕ್ಕೆ ಆಳಾಗಿ ಬರುತ್ತಾರೆ. ತೇರಿನ ಮರುದಿನ ಕುಸ್ತಿ. ಹೊತ್ತು ಇಳಿಯುವ ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ, ಗೆದ್ದವನಿಗೂ ಸೋತವನಿಗೂ ಒಂದೊಂದು ಕಾಯಿ. ಆಮೇಲೆ ನೂರು, ಇನ್ನೂರರ ಜೋಡಿಗಳು. ಕಟ್ಟಕಡೆಗೆ ಬೆಳ್ಳಿ ಕಡಗದ ಕುಸ್ತಿ. ಕುಸ್ತಿ ಇಲ್ಲದ ವರ್ಷ ಉಸುಕಿನ ಚೀಲ ಎತ್ತುವುದು, ಗುಂಡುಕಲ್ಲು ಎತ್ತುವುದು. ನಾನು ತೆಂಗಿನಕಾಯಿಯ ದರ್ಜೆಯಿಂದ ಮೇಲೆ ಹೋಗಲಿಲ್ಲ. ಆದರೆ ಮಣ್ಣಿನಲ್ಲಿ ಹಿಮ್ಮಡಿ ಊರಿ ನಿಲ್ಲುವುದು ಆವಾಗಲೇ ಮೈಗೆ ಬಂದಿತ್ತು.

ಜಾತ್ರೆ ಮುಗಿದ ಮೇಲೆ ನಡೆಯುತ್ತಿದ್ದ ಇನ್ನೊಂದು ಕೆಲಸ ಹುಡುಗರಿಗೆ ಬೇಸರ ತರಿಸುವಂಥದ್ದು. ಅಗಸಿ ಕಟ್ಟೆಯ ಮೇಲೆ ಒಬ್ಬರು ಕನ್ನಡಕ ಹಾಕಿಕೊಂಡು ಕೂತು ಲೆಕ್ಕ ಓದುತ್ತಿದ್ದರು. ಬಂದದ್ದು ಇಷ್ಟು, ಹಲಗೆ ಬಾರಿಸಿದವರಿಗೆ ಇಷ್ಟು, ಬಣ್ಣದ ಕಾಗದಕ್ಕೆ ಇಷ್ಟು, ಪೈಲ್ವಾನರ ಊಟಕ್ಕೆ ಇಷ್ಟು, ಉಳಿದದ್ದು ಇಷ್ಟು. ನಡುವೆ ಯಾರಾದರೂ ತಡೆದು ಕೇಳಿಯೇ ಕೇಳುತ್ತಿದ್ದರು. ಬೈದಾಟವಾಗುತ್ತಿತ್ತು, ಚಹಾ ಬರುತ್ತಿತ್ತು, ಮತ್ತೆ ಓದು ಮುಂದುವರಿಯುತ್ತಿತ್ತು. ಆ ಕೂಟದಲ್ಲಿ ಐದು ರೂಪಾಯಿ ಕೊಟ್ಟವನಿಗೂ ಐನೂರು ಕೊಟ್ಟವನಿಗೂ ಬಾಯಿ ಒಂದೇ ಸಮ.

ಕಂಪನಿಯ ಕ್ರೀಡಾಕೂಟ ನಡೆಯುತ್ತಿದ್ದುದು ವೈಟ್‌ಫೀಲ್ಡ್ ಕಡೆಯ ಒಂದು ಬಾಡಿಗೆ ಮೈದಾನದಲ್ಲಿ. ತಂಡಗಳಿಗೆ ನದಿಗಳ ಹೆಸರು. ನಾನು ಕೃಷ್ಣಾ ತಂಡ, ಹಸಿರು ಟೀ ಶರ್ಟು. ಆಡುವವರು ಇಷ್ಟಿಷ್ಟು ಎಂದು ಕಟ್ಟಬೇಕು, ಗೆಳೆಯರಿಂದ ನೆಂಟರಿಂದ ಕೇಳಿ ತರಬೇಕು. ನೌಕರರು ಕೂಡಿಸಿದಷ್ಟನ್ನೇ ಕಂಪನಿಯೂ ಸೇರಿಸುತ್ತಿತ್ತು. ಕ್ರಿಕೆಟ್ಟು, ರಿಲೇ, ಗೋಣಿಚೀಲದ ಓಟ, ಚಮಚದಲ್ಲಿ ನಿಂಬೆಹಣ್ಣು. ದೊಡ್ಡ ಸಾಹೇಬರು ಗೋಣಿಚೀಲದೊಳಗೆ ಮುಗ್ಗರಿಸಿ ಬಿದ್ದಾಗ ಆದ ಸಂತೋಷಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಇಂಥ ದಿನಗಳನ್ನು ‘ಫೋಟೋಕ್ಕೆ ಮಾಡುವುದು’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ವರ್ಷವಿಡೀ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿದವರು ಒಂದು ದಿನ ಬಿಸಿಲಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆದು ಆಡಿದರೆ ಅದರಲ್ಲಿ ತಪ್ಪೇನಿದೆ?

ಹಗ್ಗ ಜಗ್ಗಾಟದಲ್ಲಿ ನನ್ನನ್ನು ಕಡೆಯ ಆಳಾಗಿ ನಿಲ್ಲಿಸಿದ್ದರು, ಹಗ್ಗವನ್ನು ಬೆನ್ನ ಹಿಂದಿನಿಂದ ತಂದುಕೊಂಡು. ಎದುರು ಕಾವೇರಿ ತಂಡ, ಜಿಮ್ಮಿಗೆ ಹೋಗುವ ಹುಡುಗರೇ ತುಂಬಿದ್ದರು. ಸೀಟಿ ಊದಿದ್ದೇ ತಡ ಬಾಯಿಂದ ಬೆಂಗಳೂರಿನ ಭಾಷೆ ಹಾರಿಹೋಯಿತು. ‘ಏ ಜಗ್ಗ್ರಲೇ! ಕುಂಡ್ರಬ್ಯಾಡ್ರಿ, ಹಿಂದಕ ವಾಲ್ರಿ!’ ಎಂದು ಒದರಿದೆ. ಮುಂದಿದ್ದವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು, ಮೈದಾನದ ತಂತಿ ಬೇಲಿಯಾಚೆ ನಿಂತಿದ್ದವರಿಗೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ಅಲ್ಲಿಂದಲೂ ಕೂಗು ಎದ್ದಿತು. ‘ಜಗ್ಗಪ್ಪೋ ಜಗ್ಗು!’

ಆಟ ಮುಗಿದ ಮೇಲೆ ನೀರಿನ ಬಾಟಲಿ ಹಿಡಿದು ಬೇಲಿಯ ಹತ್ತಿರ ಹೋದೆ. ಆಚೆ ನೀಲಿ ತಾಡಪತ್ರಿಯ ಶೆಡ್ಡುಗಳ ಸಾಲು, ಅದರಾಚೆ ಅರ್ಧ ಎದ್ದ ಕಟ್ಟಡ. ಒಬ್ಬ ನಡುವಯಸ್ಸಿನವರು, ತಲೆಗೆ ಟವೆಲ್, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ.

‘ಯಾವೂರ್ರಿ ನಿಮ್ದು?’

‘ಶಿರವಾಳ, ಶಹಾಪುರ ತಾಲೂಕ.’

‘ಹಂಗ ಅನ್ರಿ ಮತ್ತ! ಮಾತ್ ಕೇಳೇ ಅಂದೆ ಇವಂಗ, ನಮ್ಮ ಕಡೀವ್ರು ಅದಾರ ಅಂತ.’ ಅವರದು ಸುರಪುರದ ಕಡೆಯ ಹಳ್ಳಿ. ‘ಗೆದ್ದೋರಿಗೆ ಏನ್ ಕೊಡ್ತಾರ?’

‘ಒಂದು ಕಪ್ಪು, ಒಂದು ಸರ್ಟಿಫಿಕೇಟು.’

‘ರೊಕ್ಕ?’

‘ರೊಕ್ಕ ಇಲ್ಲ ಕಾಕಾ. ರೊಕ್ಕ ನಾವೇ ಕೊಡ್ಬೇಕು.’

ಅವರು ನನ್ನನ್ನೇ ನೋಡಿದರು. ‘ಆಡಾಕೂ ನೀವೇ, ರೊಕ್ಕ ಕೊಡಾಕೂ ನೀವೇ? ಯಾರಿಗ್ ಹೋಗ್ತೈತಿ ಅದು?’

ಬಡವರ ಮಕ್ಕಳ ಓದಿಗೆ, ನಮ್ಮ ಜಿಲ್ಲೆಗೇ ಎಂದೆ. ಹೇಳುವಾಗ ಹುಡುಗನ ಕಡೆ ನೋಡಬಾರದು ಅಂದುಕೊಂಡರೂ ನೋಡಿಬಿಟ್ಟೆ. ಯಾವ ಕ್ಲಾಸು ಎಂದು ಕೇಳಿದೆ. ಊರಲ್ಲಿ ಎರಡನೇ ಇಯತ್ತೆಗೆ ಹೆಸರಿದೆ, ಸುಗ್ಗಿ ಮುಗಿಸಿ ಬರುವಾಗ ಜೊತೆಗೇ ಕರೆದುಕೊಂಡು ಬಂದಿದ್ದೇವೆ, ಯುಗಾದಿಗೆ ಹೋದಾಗ ಮಾಸ್ತರಿಗೆ ಕೈಮುಗಿದರೆ ಸೇರಿಸಿಕೊಳ್ಳುತ್ತಾರೆ ಎಂದರು. ಅದು ಅವರಿಗೆ ಹೊಸ ಸಂಗತಿಯಾಗಿರಲಿಲ್ಲ, ನನಗೂ ಅಲ್ಲ. ನಮ್ಮ ತಾಲೂಕುಗಳಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವವರ ಜೊತೆ ಮಕ್ಕಳೂ ಹೋಗುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಯಾದಗಿರಿಯಿಂದ ಹತ್ತುವವರ ತಲೆಯ ಮೇಲಿನ ಗಂಟು ನೋಡಿದರೆ ಸಾಕು, ಎಷ್ಟು ತಿಂಗಳಿಗೆ ಹೊರಟಿದ್ದಾರೆ ಎಂದು ಹೇಳಬಹುದು. ನಮ್ಮ ಹಣ ನಾನೂರೈವತ್ತು ಕಿಲೋಮೀಟರಿಗೂ ಆಚೆ ಆ ಹುಡುಗನ ಶಾಲೆಗೆ ಹೊರಟಿತ್ತು. ಹುಡುಗ ಇಲ್ಲಿ, ಬೇಲಿಗೆ ಮೂಗು ಒತ್ತಿಕೊಂಡು, ನಮ್ಮ ತಂಡದ ಹಸಿರು ಟೀ ಶರ್ಟು ಕೇಳುತ್ತಿದ್ದ. ಕೊಟ್ಟೆ. ಅವನ ಮೊಣಕಾಲಿನ ತನಕ ಬಂತು.

ಆಮೇಲಿನ ವರ್ಷಗಳಲ್ಲಿ ನಾನು ಕಂಪನಿಯ ಸ್ವಯಂಸೇವಕರ ಸಮಿತಿಯಲ್ಲಿ ಸೇರಿಕೊಂಡೆ. ಆಗ ಕಾನೂನೂ ಸ್ವಲ್ಪ ಓದಬೇಕಾಯಿತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. 500 ಕೋಟಿ ನಿವ್ವಳ ಮೌಲ್ಯವೋ, 1,000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಇಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಕಂಪನಿ ತಾನು ಕೆಲಸ ಮಾಡುವ ಜಾಗ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಕೇಳಲು ನ್ಯಾಯವೇ. ಆದರೆ ಕಂಪನಿಗಳೆಲ್ಲ ಬೆಂಗಳೂರಿನಲ್ಲಿದ್ದರೆ ಸುತ್ತಮುತ್ತಲು ಎಂದರೆ ಬೆಂಗಳೂರೇ. ಕೆಂಪು ತುಣುಕಿನಲ್ಲಿ ಕಂಪನಿಯೇ ಇಲ್ಲದಿದ್ದರೆ ಅದಕ್ಕೆ ಸುತ್ತಮುತ್ತಲು ಎಲ್ಲಿಂದ ಬರಬೇಕು? ನಮ್ಮ ಜಿಲ್ಲೆಗೆ ಈ ಹಣ ಬರಬೇಕಾದರೆ ಯಾರಾದರೂ ಹಟ ಹಿಡಿದು ಕೇಳಬೇಕು ಎಂಬುದು ಅಲ್ಲಿ ಗೊತ್ತಾಯಿತು.

ಕ್ರೀಡಾಕೂಟದ ವಿಷಯಕ್ಕೂ ಕಾನೂನಿನಲ್ಲಿ ಉತ್ತರವಿತ್ತು. ಮ್ಯಾರಥಾನ್, ಪ್ರಶಸ್ತಿ ಸಮಾರಂಭ, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವ ಇಂಥ ಒಂದು ದಿನದ ಬಾಬತ್ತುಗಳ ಖರ್ಚನ್ನು ಈ ಎರಡು ಪಾಲಿನಲ್ಲಿ ತೋರಿಸುವ ಹಾಗಿಲ್ಲ ಎಂದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರ ಜೂನ್ 18ರ ಸುತ್ತೋಲೆಯಲ್ಲೇ ಹೇಳಿತ್ತು. ನೌಕರರು ಕೊಡುವ ಸಮಯಕ್ಕೆ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುವ ಹಾಗೂ ಇಲ್ಲ. ಹಾಗಾಗಿ ಕ್ರೀಡಾಕೂಟವನ್ನು ಕಂಪನಿಗಳು ತಮ್ಮ ಖುಷಿಗೆ, ತಮ್ಮ ಕೈಯಿಂದ ಮಾಡುತ್ತವೆ. ಬೆಂಗಳೂರಿನಲ್ಲಿ ಈ ಗಾಳಿ ಕಾನೂನಿಗಿಂತ ಹಳೆಯದು. ವಿಪ್ರೊದವರ ‘ಸ್ಪಿರಿಟ್ ಆಫ್ ವಿಪ್ರೊ’ ಓಟ 2006ರಿಂದ ಇದೆ. ಊರಿಗೆಲ್ಲ ಸೇರಿದ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾಯಿತು; ಮೊದಲು ಸನ್‌ಫೀಸ್ಟ್ ಹೆಸರಿತ್ತು, ಆಮೇಲೆ ಟಿಸಿಎಸ್ ಹೆಸರು ಬಂತು. 2015ರ ಮೇ ತಿಂಗಳಲ್ಲಿ ನಮ್ಮ ಕಂಪನಿಯವರ ಜೊತೆ ನಾನೂ ಕಂಠೀರವ ಕ್ರೀಡಾಂಗಣದ ಕಡೆ ಬೆಳಗಿನ ಜಾವಕ್ಕೆ ಹೋಗಿ ನಿಂತೆ. ಮುಂದೆ ಇಥಿಯೋಪಿಯ, ಕೆನ್ಯಾದ ಓಟಗಾರರು. ಹಿಂದೆ ನಾವು, ಎದೆಯ ಮೇಲೆ ಯಾವ ಸಂಸ್ಥೆಗಾಗಿ ಓಡುತ್ತೇವೆ ಎಂಬ ಚೀಟಿ. ಹತ್ತು ಕಿಲೋಮೀಟರ್ ಆಗದವರಿಗೆ ಮಜಾ ರನ್. ಒಬ್ಬರು ರಾವಣನ ವೇಷ ಹಾಕಿಕೊಂಡು ಬಂದಿದ್ದರು, ಹತ್ತು ತಲೆಯನ್ನೂ ಹೊತ್ತು ಕೊನೆ ಮುಟ್ಟಿಸಿದರು.

ಹಟ ಹಿಡಿದದ್ದರ ಫಲವಾಗಿ ಕಂಪನಿಯವರು ನಮ್ಮ ಕಡೆ ಬಂದರು. ಶಾಲೆಗೆ ಬಣ್ಣ ಹಚ್ಚುವ ಕಾರ್ಯಕ್ರಮ, ಶನಿವಾರ ಭಾನುವಾರ. ಶಿರವಾಳದಿಂದ ದೂರವಿಲ್ಲದ ಒಂದು ಹಳ್ಳಿಯ ಸರ್ಕಾರಿ ಶಾಲೆ. ರಾತ್ರಿ ರೈಲು ಹತ್ತಿ ಯಾದಗಿರಿಯಲ್ಲಿ ಇಳಿದು, ಅಲ್ಲಿಂದ ಎರಡು ಟಿಟಿ ಗಾಡಿ ತುಂಬ ಹೊರಟೆವು. ಶಹಾಪುರದ ಹತ್ತಿರ ಬೆಟ್ಟಸಾಲು ಮಲಗಿದ ಬುದ್ಧನ ಹಾಗೆ ಕಾಣುವ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ಎಲ್ಲರ ಮೊಬೈಲೂ ಹೊರಗೆ ಬಂದವು. ಕೆಂಪು ತುಣುಕಿನಲ್ಲಿ ಇದೂ ಇದೆ ಎಂದು ತೋರಿಸಲು ನನಗೆ ಸ್ವಲ್ಪ ಜಂಬವೂ ಆಯಿತು.

ಗೋಡೆಗೆ ಬಣ್ಣ ಹಚ್ಚಿದರು. ಭಾರತದ ನಕಾಶೆ, ಇಂಗ್ಲಿಷ್ ಅಕ್ಷರ, ಜಿರಾಫೆ, ಪೆಂಗ್ವಿನ್ನು. ಬಿಸಿಲಿಗೆ ಇಬ್ಬರು ಸುಸ್ತಾಗಿ ಕೂತರು. ಮಕ್ಕಳಿಗೆ ಓಟದ ಸ್ಪರ್ಧೆ ಇಟ್ಟೆವು. ಹವಾಯಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದ ಹುಡುಗಿಯೊಬ್ಬಳು ಶೂ ಹಾಕಿದ ನಮ್ಮವರನ್ನೆಲ್ಲ ಹಿಂದೆ ಹಾಕಿದಳು. ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮರುದಿನ ಬೆಳಿಗ್ಗೆ ಅವರನ್ನು ಶಿರವಾಳದ ಗುಡಿಗಳಿಗೆ ಕರೆದೊಯ್ದೆ.

ಗುಡಿಯ ಜಗಲಿಯ ಮೇಲೆ ನಮ್ಮ ಕಾಕಾ ಕೂತಿದ್ದರು. ಒಂದು ಕಾಲಕ್ಕೆ ಜಾತ್ರೆಯ ಲೆಕ್ಕ ಓದುತ್ತಿದ್ದವರು ಅವರೇ. ಎಲ್ಲರಿಗೂ ಶರಣು ಹೇಳಿ, ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

‘ಭಾಳ್ ಮಂದಿ ಬಂದಾರಲ್ಲ ತಮ್ಮಾ. ರೈಲಿನ ಖರ್ಚು ಯಾರ್ದು?’

‘ಕಂಪನೀದು ಕಾಕಾ.’

‘ಗಾಡಿ?’

‘ಅದೂ ಕಂಪನೀದೇ.’

‘ಯಾದಗಿರ್ಯಾಗ ಲಾಡ್ಜು, ಊಟ, ಈ ಅಂಗಿ?’ ಎಲ್ಲರ ಟೀ ಶರ್ಟನ್ನೂ ಕಣ್ಣಲ್ಲೇ ಎಣಿಸಿದರು. ‘ಬಣ್ಣ ಎಷ್ಟಕ್ಕ ಬಂತು?’

ಹೇಳಿದೆ. ಬೆರಳ ಗೆಣ್ಣು ಎಣಿಸುತ್ತ ಸ್ವಲ್ಪ ಹೊತ್ತು ಕೂತರು.

‘ಅಂದ್ರ ಬಣ್ಣಕಿಂತ ಬಣ್ಣ ಹಚ್ಚೋರ್ ಖರ್ಚು ಮೂರ್ ಪಟ್ಟು ಆತಲ್ಲೋ! ಶಹಾಪುರದ ಪೇಂಟರ್‌ಗೆ ಹೇಳಿದ್ರ ಎರಡ್ ದಿನದಾಗ ಮುಗಸ್ತಿದ್ದ, ಅವನ ಹೊಟ್ಟೀನೂ ತುಂಬ್ತಿತ್ತು.’ ಮತ್ತೆ ತಾವೇ, ‘ಇರ್ಲಿ ಬಿಡು, ಬಂದಿದ್ದು ಚಲೋ ಆತು. ಮಂದಿ ಊರು ನೋಡ್ಬೇಕು’ ಎಂದರು. ಎರಡೂ ಮಾತನ್ನು ಅವರು ಮನಸ್ಸಿಟ್ಟೇ ಹೇಳಿದ್ದು. ನಾನು ಹೆಚ್ಚಾಗಿ ಮೊದಲನೆಯದನ್ನೇ ಬೆಂಗಳೂರಿಗೆ ತೆಗೆದುಕೊಂಡು ಹೋದೆ.

ಕೊಟ್ಟದ್ದಕ್ಕೆ ಲೆಕ್ಕ ಕೇಳುವುದು ನಮ್ಮ ಭಾಗದ ಹಳೆಯ ರೂಢಿ. ಪಕ್ಕದ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ದೊಡ್ಡ ಘಟಿಕಾಸ್ಥಾನವಿತ್ತು, ಈಗಿನ ಮಾತಿನಲ್ಲಿ ವಿದ್ಯಾರ್ಥಿ ನಿಲಯ ಸಹಿತ ಕಾಲೇಜು. ಅಲ್ಲಿನ 1058ರ ಶಾಸನದಲ್ಲಿ ಓದುವವರಿಗೆ, ಓದಿಸುವವರಿಗೆ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೆ ಎಂದು ದಾನವನ್ನು ಬಿಡಿಸಿ ಬರೆದಿದ್ದಾರೆ. ಆ ಕಾಲದ ದಾನಶಾಸನಗಳಲ್ಲಿ ಭೂಮಿಗೆ ಅಳತೆ ಇರುತ್ತದೆ, ಎಲ್ಲೆ ಇರುತ್ತದೆ, ದೀಪದ ಎಣ್ಣೆಗೂ ಪ್ರಮಾಣ ಇರುತ್ತದೆ, ಕೊನೆಗೆ ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಕಂಪನಿಯ ವಾರ್ಷಿಕ ವರದಿಯಲ್ಲಿ ಶಾಪ ಬೇಡ, ಅಳತೆಯಾದರೂ ಇರಲಿ. ನಮ್ಮ ಕಾರ್ಯಕ್ರಮದ ವರದಿಯಲ್ಲಿ ಇದ್ದದ್ದು ಸ್ವಯಂಸೇವೆಯ ಗಂಟೆಗಳ ಮೊತ್ತ ಮತ್ತು ಪೆಂಗ್ವಿನ್ನಿನ ಚಿತ್ರ.

ಸಮಿತಿಯ ಮುಂದಿನ ಸಭೆಯಲ್ಲಿ ಕಾಕಾ ಕೇಳಿದ್ದನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಹಾಕಿ ತೋರಿಸಿದೆ. ಒಂದಿಬ್ಬರಿಗೆ ಮುಖ ಗಂಟಾಯಿತು. ‘ನೌಕರರು ಹೋಗಿ ನೋಡದಿದ್ದರೆ ಮುಂದಿನ ವರ್ಷ ಯಾರು ಹಣ ಕೊಡುತ್ತಾರೆ?’ ಎಂದು ಒಬ್ಬರು ಕೇಳಿದರು. ತೆಗೆದುಹಾಕುವ ಮಾತಲ್ಲ ಅದು. ನಮ್ಮ ಜೊತೆ ಬಂದಿದ್ದ ಮಂಗಳೂರಿನ ಸಹೋದ್ಯೋಗಿಯೊಬ್ಬಳು ಆ ಎರಡು ದಿನ ಬಾರದೇ ಹೋಗಿದ್ದರೆ ಆಮೇಲೆ ಪ್ರತಿ ಗುರುವಾರ ಸಂಜೆ ಫೋನಿನಲ್ಲಿ ಏಳನೇ ಇಯತ್ತೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರಲಿಲ್ಲ. ಹಾಗೆಂದು ಎಲ್ಲರೂ ಹಾಗೆ ಆಗುವುದಿಲ್ಲ. ಒಂದು ಊರಿನಲ್ಲಿ ಕೂತು ಕೆಲಸ ಮಾಡುವುದರ ಜಾತಿಯೇ ಬೇರೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು 2004-05ರ ಹೊತ್ತಿಗೆ ಸುರಪುರ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಸ್ನೇಹಿ ಶಾಲೆ ಕಾರ್ಯಕ್ರಮ ಶುರುಮಾಡಿದರು. ಈ ಕಾನೂನು ಬರುವುದಕ್ಕೂ ಮೊದಲು. ಅವರ ಮಂದಿ ಅಲ್ಲೇ ಮನೆ ಮಾಡಿ, ಅಲ್ಲಿನ ಸಂತೆಗೆ ಹೋಗಿ, ಶಿಕ್ಷಕರ ಜೊತೆ ಸಂಜೆ ಕೂತು ಮಾತಾಡುತ್ತಿದ್ದರು. ಅದಕ್ಕೂ ನಮ್ಮ ವಾರಾಂತ್ಯಕ್ಕೂ ಹೋಲಿಕೆ ಸಲ್ಲದು. ಅಷ್ಟಾದ ಮೇಲೂ 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ನೂರಕ್ಕೆ 51ರ ಹತ್ತಿರ ನಿಂತು ರಾಜ್ಯಕ್ಕೆ ಕೊನೆಯಾಯಿತು. ಸುಗ್ಗಿ ಮುಗಿದೊಡನೆ ಅರ್ಧ ಊರು ರೈಲು ಹತ್ತುವ ಕಡೆ ಶಾಲೆಯೊಂದೇ ಎಷ್ಟು ಭಾರ ಹೊತ್ತೀತು?

ಕೊನೆಗೆ ಆದ ತೀರ್ಮಾನ ಇಷ್ಟು. ಆಟ ಮೊದಲಿನ ಹಾಗೇ ಇರಲಿ. ಊರಿಗೆ ಹೋಗುವವರು ತಮ್ಮ ಖರ್ಚಿನಲ್ಲಿ ಹೋಗಲಿ. ಕೂಡಿದ ಹಣಕ್ಕೆ ಏನು ಬೇಕೆಂದು ಶಾಲೆಯ ಎಸ್‌ಡಿಎಂಸಿಯವರೇ ಬರೆದು ಕಳಿಸಲಿ. ಅವರ ಪಟ್ಟಿ ಬಂದಾಗ ಅದರಲ್ಲಿ ಫೋಟೋಕ್ಕೆ ಒದಗುವಂಥದ್ದು ಒಂದೂ ಇರಲಿಲ್ಲ. ಕೆಟ್ಟ ಬೋರ್‌ವೆಲ್ ಮೋಟರಿನ ರಿಪೇರಿ. ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು. ದುಡಿಯಲು ಹೋದವರ ಮಕ್ಕಳು ಅಜ್ಜಿಯ ಹತ್ತಿರ ಊರಲ್ಲೇ ಉಳಿದರೆ ಅವರಿಗೆ ಸಂಜೆ ಪಾಠ, ಪಾಠ ಹೇಳಲು ಡಿ.ಎಡ್. ಮುಗಿಸಿ ಮನೆಯಲ್ಲಿದ್ದ ಅದೇ ಊರ ಹುಡುಗಿ, ಅವಳಿಗೆ ತಿಂಗಳ ಗೌರವಧನ. ಒಂದು ವಾಲಿಬಾಲು, ಒಂದು ನೆಟ್ಟು. ಕೊನೆಯ ಬಾಬತ್ತು ಹುಡುಗರ ಒತ್ತಾಯಕ್ಕೆ ಸೇರಿದ್ದೆಂದು ಹೆಡ್ ಮಾಸ್ತರರು ಬೇರೆಯಾಗಿ ಬರೆದಿದ್ದರು, ಎಲ್ಲಿ ನಾವು ತಪ್ಪು ತಿಳಿಯುತ್ತೇವೋ ಎಂದು.

ಹಣದ ಜೊತೆ ನಾನು ಒಂದೇ ಶರತ್ತು ಕೇಳಿದ್ದೆ, ಅದೂ ಕಾಕಾನ ಮಾತಿನ ಮೇಲೆ: ವರ್ಷಕ್ಕೊಮ್ಮೆ ಊರ ಮುಂದೆ ಲೆಕ್ಕ ಓದಬೇಕು. ಜನವರಿ 26ರ ಧ್ವಜಾರೋಹಣ ಮುಗಿದ ಮೇಲೆ ಓದುವುದೆಂದಾಯಿತು. ಆ ವರ್ಷ ನಾನೂ ಹೋಗಿದ್ದೆ, ಮಂಗಳೂರಿನ ಸಹೋದ್ಯೋಗಿಯೂ ತನ್ನ ಖರ್ಚಿನಲ್ಲಿ ಬಂದಿದ್ದಳು. ಮಕ್ಕಳು ಬೂಂದಿ ಪೊಟ್ಟಣ ಹಿಡಿದು ಓಡಾಡುತ್ತಿದ್ದರು. ಮಾಸ್ತರರು ಮೋಟರಿನ ಖರ್ಚು ಓದಿದರು, ಪೈಪಿನದು ಓದಿದರು, ಗೌರವಧನದ್ದು ಓದಿದರು. ಎಲ್ಲರೂ ಸುಮ್ಮನಿದ್ದರು. ವಾಲಿಬಾಲ್ ನೆಟ್ಟಿಗೆ 1,800 ರೂಪಾಯಿ ಎಂದದ್ದೇ ಹಿಂದಿನಿಂದ ಒಬ್ಬರು ಎದ್ದು ನಿಂತರು.

‘ಸರ್, ಶಹಾಪುರದಾಗ ಬಾರಾಶೇಕ್ಕ ಸಿಗ್ತೈತ್ರಿ ಅದು!’

ಮಾಸ್ತರರು ಇದು ನೈಲಾನಿನದು, ದಾರ ದಪ್ಪ ಎಂದರು. ನೈಲಾನಿನದೇ ಬಾರಾಶೇ ಎಂದು ಅವರು. ಇನ್ನೊಬ್ಬರು ಎದ್ದು ಕಂಬದ ದುಡ್ಡೂ ಅದರಲ್ಲೇ ಸೇರಿದೆಯೋ ಹೇಗೆ ಎಂದು ಕೇಳಿದರು. ಏನು ನಡೆಯುತ್ತಿದೆ ಎಂದು ಸಹೋದ್ಯೋಗಿ ಗಾಬರಿಯಿಂದ ನನ್ನ ಕೈ ಹಿಡಿದಳು. ಏನಿಲ್ಲ, ಲೆಕ್ಕ ಎಂದೆ. ಹೆಡ್ ಮಾಸ್ತರರು ಆಫೀಸು ರೂಮಿಗೆ ಹೋಗಿ, ಬೀರು ತೆಗೆದು, ಫೈಲು ತಡಕಾಡಿ, ರಶೀದಿ ತಂದು ಕೈಗೆ ಕೊಡುವ ತನಕ ಮೊದಲು ಎದ್ದವರು ಕೂಡ್ರಲಿಲ್ಲ. ಕೊಟ್ಟ ಮೇಲೂ ಬಿಸಿಲಿಗೆ ಹಿಡಿದು, ಅಂಗಡಿಯ ಹೆಸರು, ತಾರೀಖು, ಸಹಿ ಎಲ್ಲವನ್ನೂ ಜೋರಾಗಿ ಓದಿಯೇ ವಾಪಸು ಕೊಟ್ಟರು.